ಕಚೇರಿ ಉಪಯೋಗಕ್ಕೆ ಮಾತ್ರ

ಮೂರು ತಿಂಗಳಿಗೊಮ್ಮೆ ಅದೇ ಬೆಂಚು, ಅದೇ ಫಾರಂ, ದಾರಕ್ಕೆ ಕಟ್ಟಿದ ಅದೇ ಮೊಂಡು ಪೆನ್ಸಿಲ್. ಕೀಲು ವಿಭಾಗದ ಹೊರಗೆ ಕೂತ ಹೆಂಗಸರೆಲ್ಲ ಪರೀಕ್ಷೆ ಬರೆಯುವವರ ಹಾಗೆ ತಲೆ ತಗ್ಗಿಸಿ ಗುರುತು ಹಾಕುತ್ತಿದ್ದರು. ಫಾರಂ ನಡುವೆ ಒಂದು ಗೊಂಬೆಯ ಚಿತ್ರ. ಕೈ ಅಗಲಿಸಿ ನಿಂತ, ಮುಖವಿಲ್ಲದ, ಗಂಡೋ ಹೆಣ್ಣೋ ಹೇಳಲಾಗದ ಗೊಂಬೆ. ಎಲ್ಲಿ ನೋವಿದೆಯೋ ಅಲ್ಲಿ ಗುಣಿಸುವ ಗುರುತು ಹಾಕಬೇಕು, ಪಕ್ಕದ ಕಾಲಂನಲ್ಲಿ 'ಎಂದಿನಿಂದ' ಅಂತ ಬರೆಯಬೇಕು. ಕಣ್ಣಿಗೆ ಜಾಗವಿತ್ತು, ಬಾಯಿಗೆ ಜಾಗವಿತ್ತು, ಕಾಲಿನ ಕಿರುಬೆರಳಿನ ಗಂಟಿಗೂ ಬೇರೆ ಚುಕ್ಕಿಯಿತ್ತು. ಹೊಕ್ಕುಳಿನಿಂದ ತೊಡೆಯ ಅರ್ಧದವರೆಗೆ ಮಾತ್ರ ಗೊಂಬೆಯ ಮೈ ಕಾಣುತ್ತಿರಲಿಲ್ಲ. ಅಲ್ಲೊಂದು ಚೌಕದ ಡಬ್ಬಿ ಕೂತಿತ್ತು. ಅದರೊಳಗೆ ದಪ್ಪ ಅಕ್ಷರದಲ್ಲಿ 'ಕಚೇರಿ ಉಪಯೋಗಕ್ಕೆ ಮಾತ್ರ' ಅಂತ ಬರೆದಿತ್ತು.

ಇದನ್ನು ಮಾಡಿದ ಮಹಾನುಭಾವ ಯಾರು ಅಂತ ಅವಳಿಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು. ಸೊಂಟದ ಎರಡು ಕೀಲುಗಳ ಚುಕ್ಕಿಗಳು ಡಬ್ಬಿಯ ಎರಡೂ ಬದಿಗೆ ಕಿವಿಗಳ ಹಾಗೆ ಇಣುಕುತ್ತಿದ್ದವು. ನಡುವೆ ಇರುವುದೆಲ್ಲ ಕಚೇರಿಯ ಸೊತ್ತು. ಅವಳಿಗೆ ನೋವಿದ್ದದ್ದು ಸರಿಯಾಗಿ ಆ ಡಬ್ಬಿಯ ಅಡಿಯಲ್ಲಿ.

ಅವಳು ಅಚ್ಚಿನ ಪ್ರೆಸ್ಸೊಂದರಲ್ಲಿ ಪ್ರೂಫ್ ನೋಡುವವಳು. ಹನ್ನೆರಡು ವರ್ಷದಿಂದ ರಸೀದಿ ಪುಸ್ತಕ, ಶಾಲೆಯ ಅಂಕಪಟ್ಟಿ, ಔಷಧಿಯ ಜೊತೆ ಮಡಚಿಡುವ ಚೀಟಿ, ಕೋರ್ಟಿನ ನೋಟೀಸು ಎಲ್ಲವೂ ಅವಳ ಕೆಂಪು ಪೆನ್ನಿನ ಕೈಕೆಳಗೆ ಹಾದೇ ಹೊರಗೆ ಹೋಗಬೇಕು. ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು 'ತಿದ್ದುಪಡಿ ಮೇಡಂ' ಅನ್ನುತ್ತಿದ್ದರು. ಈ ಫಾರಂ ಕೂಡ ಅವಳ ಪ್ರೆಸ್ಸಿನದೇ. ಕೆಳಗಿನ ಅಂಚಿನಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿತ್ತು. ಆದರೆ ಪ್ರೆಸ್ಸಿನವರು ತಾನೇ ಏನು ಮಾಡಿಯಾರು, ಆಸ್ಪತ್ರೆಯವರು ಕೊಟ್ಟಿದ್ದನ್ನು ಅಚ್ಚು ಹಾಕುತ್ತಾರೆ, ಅಷ್ಟೇ, ಅಂದುಕೊಂಡು ಅವಳು ಆಸ್ಪತ್ರೆಯವರನ್ನೇ ಮನಸಾರೆ ಬೈಯುತ್ತಿದ್ದಳು.

ಕಾಯಿಲೆ ಶುರುವಾಗಿ ನಾಲ್ಕು ವರ್ಷ. ಮೈಯನ್ನು ಕಾಯಬೇಕಾದ ಪಡೆ ಯಾವ ಕಾರಣಕ್ಕೋ ತಲೆಕೆಟ್ಟು ಮನೆಯವರ ಮೇಲೇ ಕೈ ಮಾಡುವ ಜಾತಿಯ ಕಾಯಿಲೆ. ಡಾಕ್ಟರುಗಳು ಅದಕ್ಕೆ ಆಟೋಇಮ್ಯೂನ್ ಅನ್ನುತ್ತಾರೆ. ಮೊದಲು ಬಾಯಿ ಒಣಗಿತು. ಬಿಸ್ಕತ್ತು ತಿಂದರೆ ನುಂಗಲು ಒಂದು ಲೋಟ ನೀರು ಬೇಕು. ಆಮೇಲೆ ಕಣ್ಣು ಒಣಗಿತು, ಬೆರಳಿನ ಗಂಟು ಊದಿತು. 'ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪ್ರೂಫ್ ನೋಡ್ತಾರೆ ನಮ್ಮ ಮೇಡಂ' ಅಂತ ಪ್ರೆಸ್ಸಿನ ಯಜಮಾನರು ಗಿರಾಕಿಗಳ ಮುಂದೆ ಹೊಗಳುತ್ತಿದ್ದರು. ಈಗ ನಿಜಕ್ಕೂ ಗಂಟೆಗೊಮ್ಮೆ ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಳ್ಳದೆ ಒಂದು ಪುಟ ಮುಗಿಯುತ್ತಿರಲಿಲ್ಲ. ಎರಡು ವರ್ಷದಿಂದ ಕೆಳಗೂ ಅದೇ ಕಥೆ. ಒಣಗುವುದು, ಉರಿಯುವುದು, ಮೂತ್ರಕ್ಕೆ ಹೋದರೆ ಕೊರೆಯುವುದು. ಗಂಡನ ಜೊತೆ ಕೂಡುವುದೆಂದರೆ ಗಾಯದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತಿತ್ತು.

ಅವಳು ಸುಮ್ಮನೆ ಕೂತಿರಲಿಲ್ಲ. ಹೆಂಗಸರ ಡಾಕ್ಟರ ಹತ್ತಿರ ಹೋದಳು. ಅವರು ನೋಡಿ, "ಸೋಂಕು ಏನೂ ಇಲ್ಲ, ಎಲ್ಲ ನಾರ್ಮಲ್. ಇದು ನಿಮ್ಮ ಕೀಲಿನ ಕಾಯಿಲೆಗೆ ಸೇರಿದ್ದಿರಬೇಕು, ಅಲ್ಲೇ ಕೇಳಿ," ಅಂದರು. ಮೂತ್ರದ ಡಾಕ್ಟರು ಪರೀಕ್ಷೆ ಮಾಡಿಸಿ, "ಇದು ಹೆಂಗಸರ ಡಾಕ್ಟರಿಗೆ ಸೇರಿದ್ದು," ಅಂದರು. ಇನ್ನೊಬ್ಬ ಮಹಾಶಯರು ಕನ್ನಡಕ ಒರೆಸಿಕೊಳ್ಳುತ್ತ, "ಮನಸ್ಸು ಹಗುರ ಮಾಡ್ಕೊಳ್ಳಿ. ಯಜಮಾನ್ರ ಜೊತೆ ನಾಲ್ಕು ದಿನ ಎಲ್ಲಾದ್ರೂ ಹೋಗಿ ಬನ್ನಿ," ಅಂದರು. ಎಲ್ಲಿಗೆ ಹೋದರೂ ಆ ಜಾಗ ತನ್ನ ಜೊತೆಗೇ ಬರುತ್ತದಲ್ಲ ಸ್ವಾಮೀ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಚೀಟಿ ತೆಗೆದುಕೊಂಡು ಬಂದಳು.

ಉಳಿದದ್ದು ಕೀಲಿನ ಡಾಕ್ಟರಮ್ಮ. ಒಳ್ಳೆಯವರೇ. ಬೆರಳಿನ ಒಂದೊಂದು ಗಂಟನ್ನೂ ಒತ್ತಿ ನೋಡುತ್ತಾರೆ, ಬೈಯುವುದಿಲ್ಲ. ಆದರೆ ಹೊರಗೆ ನಲವತ್ತು ಜನ ಕಾದಿರುತ್ತಾರೆ, ಅವರ ಕಣ್ಣು ಫಾರಂ ಬಿಟ್ಟು ಮೇಲೇಳುವುದಿಲ್ಲ. ಈ ಸಲ ಹೇಳಿಯೇ ಬಿಡುತ್ತೇನೆ ಅಂತ ಅವಳು ಬಸ್ಸಿನಲ್ಲಿ ಮೂರು ವಾಕ್ಯ ಜೋಡಿಸಿಕೊಂಡು ಬಂದಿದ್ದಳು.

ಡಾಕ್ಟರಮ್ಮ ಗೊಂಬೆಯ ಮೇಲೆ ಪೆನ್ನು ಆಡಿಸುತ್ತ ಬಂದರು. "ಕಣ್ಣು, ಬಾಯಿ, ಬಲಗೈ ಮಣಿಕಟ್ಟು. ಮಂಡಿ ಪರವಾಗಿಲ್ಲ. ಮತ್ತೇನೂ ಇಲ್ವಲ್ಲ?"

"ಇಲ್ಲ," ಅಂದಳು ಅವಳು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ತನ್ನನ್ನು ತಾನೇ ಬೈದುಕೊಂಡಳು. ಇಲ್ಲವಂತೆ! ಪ್ರೆಸ್ಸಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋದರೆ ಮೂರು ಜನರನ್ನು ನಿಲ್ಲಿಸಿ ಕೇಳುವ ಬಾಯಿಗೆ ಇಲ್ಲಿ ಬೀಗ. 'ಮತ್ತೇನೂ ಇಲ್ವಲ್ಲ' ಅಂತ ಕೇಳಿದರೆ ಇಲ್ಲ ಅನ್ನದೆ ಇನ್ನೇನು ಹೇಳಿಯಾರು? ಪ್ರಶ್ನೆಯೇ ಬಾಗಿಲು ಮುಚ್ಚಿಕೊಂಡು ಬಂದಿತ್ತು. ಹಾಗಂತ ಸಮಾಧಾನ ಮಾಡಿಕೊಂಡರೂ ಸಿಟ್ಟು ಇಳಿಯಲಿಲ್ಲ.

ಅವಳು ಬಾಯಿ ಬಿಟ್ಟಿದ್ದು ಒಬ್ಬರ ಹತ್ತಿರ ಮಾತ್ರ, ಸ್ವಂತ ಅಕ್ಕನ ಹತ್ತಿರ. ಅದೂ ಪೂರ್ತಿಯಲ್ಲ. "ಕೆಳಗೆ ಸರಿ ಇಲ್ಲ ಕಣೇ ಅಕ್ಕ," ಅಂದಿದ್ದಳು ಫೋನಿನಲ್ಲಿ. ಅಕ್ಕನಿಗೆ ಎರಡು ಹೆರಿಗೆಯಾದ ಮೇಲೆ ಸೀನಿದರೆ ಮೂತ್ರ ಸೋರುತ್ತಿತ್ತು. ಯಾರೋ ಹೇಳಿಕೊಟ್ಟ ವ್ಯಾಯಾಮದಿಂದ ಸರಿಹೋಗಿತ್ತು. ಅಂದಿನಿಂದ ಲೋಕದಲ್ಲಿ ಸೊಂಟದ ಕೆಳಗಿನ ಸಮಸ್ತ ಕಾಯಿಲೆಗೂ ಅಕ್ಕನ ಹತ್ತಿರ ಅದೊಂದೇ ಮದ್ದು.

"ಅಷ್ಟೇ ತಾನೇ? ಬಿಗಿ ಹಿಡಿ, ಬಿಡು. ಬಿಗಿ ಹಿಡಿ, ಬಿಡು. ಕೂತಲ್ಲೇ ಮಾಡ್ಬಹುದು, ಯಾರಿಗೂ ಗೊತ್ತಾಗಲ್ಲ. ದಿನಕ್ಕೆ ನೂರು ಸಲ ಮಾಡು, ಆಮೇಲೆ ನನಗೆ ಹೇಳು."

ಅವಳು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವಳಲ್ಲ. ನೂರನ್ನು ಎಣಿಸುತ್ತ ಕೂತರೆ ಪ್ರೂಫ್ ಕೆಡುತ್ತದೆ ಅಂತ ಲೆಕ್ಕಕ್ಕೆ ಪ್ರೂಫನ್ನೇ ಇಟ್ಟುಕೊಂಡಳು. ಒಂದು ಸಾಲಿಗೆ ಒಂದು ಬಿಗಿತ. ಸಾಲಿನ ಮೊದಲ ಅಕ್ಷರಕ್ಕೆ ಹಿಡಿದರೆ ಪೂರ್ಣವಿರಾಮ ಬರುವ ತನಕ ಬಿಡುವ ಹಾಗಿಲ್ಲ. ಶಾಲೆಯ ಪುಸ್ತಕವಾದರೆ ವಾಕ್ಯ ಚಿಕ್ಕದು, ಬೇಗ ಬಿಡುಗಡೆ. ಕೋರ್ಟಿನ ನೋಟೀಸು ಬಂದರೆ ದೇವರೇ ಗತಿ, ಅದರಲ್ಲಿ ಪೂರ್ಣವಿರಾಮ ಬರುವಷ್ಟರಲ್ಲಿ ಪುಟ ಮುಗಿದಿರುತ್ತಿತ್ತು. ಹಲ್ಲು ಕಚ್ಚಿಕೊಂಡು ಹಿಡಿದೇ ಇರುತ್ತಿದ್ದಳು. ಹೀಗೆ ಒಂದೂವರೆ ವರ್ಷ. ನೋವು ಕಡಿಮೆಯಾಗುವ ಬದಲು ಹೆಚ್ಚಾದಾಗ, ತಾನು ಸಾಕಷ್ಟು ಮಾಡುತ್ತಿಲ್ಲ ಅಂದುಕೊಂಡು ಇನ್ನೂ ಜೋರಾಗಿ ಹಿಡಿದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಮದುವೆಯಾಗಿ ಒಂಬತ್ತು ವರ್ಷ, ಮನೆಯಲ್ಲಿ ಇಬ್ಬರೇ. ಸಂಜೆ ಗ್ರೀಸ್ ವಾಸನೆ ಹೊತ್ತುಕೊಂಡು ಬಂದು ಕೈ ತೊಳೆಯುತ್ತ ಅವನು ಗೊಣಗುವುದು ಒಂದೇ ರಾಗ. "ಎರಡು ವರ್ಷದಿಂದ ಕಿರ್ ಅಂತಿತ್ತಂತೆ. ಎರಡು ವರ್ಷ! ನಿಂತುಹೋದ ಮೇಲೆ ಫೋನ್ ಮಾಡ್ತಾರೆ. ದೂರಿನ ಪುಸ್ತಕ ಗೋಡೇಲೇ ನೇತಾಡ್ತಿರುತ್ತೆ, ಒಬ್ಬನೂ ಬರೆಯಲ್ಲ. ಮೊದಲೇ ಹೇಳಿದ್ರೆ ಹತ್ತು ನಿಮಿಷದ ಕೆಲಸ."

ಅವಳು ಚಹಾ ಸೋಸುತ್ತಿದ್ದಳು. ಆ ಮಾತು ನೆಟ್ಟಗೆ ತನಗೇ ಬಂದು ತಾಗುತ್ತಿದೆ ಅನ್ನಿಸುತ್ತಿತ್ತು.

ಏಳು ತಿಂಗಳ ಹಿಂದೆ ಒಂದು ದಿನ ಅವನು ಸುಮ್ಮನೆ, ಪಕ್ಕದಲ್ಲಿ ಮಲಗಿದ್ದವನು, ಅವಳ ಸೊಂಟದ ಮೇಲೆ ಕೈಯಿಟ್ಟ. ಬೇರೇನೂ ಇಲ್ಲ, ಕೈ ಮಾತ್ರ. ಅವಳ ಮೈ ಹಲಗೆಯ ಹಾಗೆ ಸೆಟೆದುಕೊಂಡಿತು. ಅವಳು ಬೇಕಂತ ಮಾಡಿದ್ದಲ್ಲ, ಮೈ ತಾನಾಗಿ ಮಾಡಿದ್ದು. ಅವನು ಕೈ ತೆಗೆದ. ಎರಡು ದಿನ ಬಿಟ್ಟು, "ನನ್ನ ಗೊರಕೆಗೆ ನಿನಗೆ ನಿದ್ದೆ ಬರ್ತಿಲ್ಲ. ನಾನು ಹಾಲ್‌ನಲ್ಲಿ ಮಲಗ್ತೀನಿ," ಅಂತ ದಿಂಬು ಎತ್ತಿಕೊಂಡು ಹೋದ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಇಲ್ಲದ ಗೊರಕೆಯ ಚಿಂತೆ! ತಡೆಯಬೇಕಾಗಿತ್ತು. ತಡೆದರೆ ಕಾರಣ ಹೇಳಬೇಕು, ಹೇಳಿದರೆ ಈವರೆಗೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾನೆ. ಅವಳು ತಡೆಯಲಿಲ್ಲ.

ಹೋದ ವಾರ ಊಟ ಮಾಡುತ್ತ ಅವನು ತಟ್ಟೆ ನೋಡಿಕೊಂಡೇ ಹೇಳಿದ. "ಕಂಪನೀಲಿ ಬೇರೆ ಊರಿನ ಬ್ರಾಂಚಿಗೆ ಒಬ್ಬ ಬೇಕಂತೆ, ಎರಡು ವರ್ಷಕ್ಕೆ. ನನ್ನ ಕೇಳಿದ್ದಾರೆ. ತಿಂಗಳ ಕೊನೆಗೆ ಹೇಳಬೇಕು. ನಿನಗೆ ಇಲ್ಲಿ ಪ್ರೆಸ್ ಇದೆ, ಆಸ್ಪತ್ರೆ ಇದೆ. ನಾನೊಬ್ಬನೇ ಹೋಗೋದು. ನಿನಗೇನೂ ತೊಂದರೆ ಇಲ್ಲ ಅನ್ಸುತ್ತೆ."

"ನಿಮ್ಮಿಷ್ಟ," ಅಂದಳು ಅವಳು. ಅಂದಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಅವನು ಹೋದರೆ ತಿರುಗಿ ಬರುವುದಿಲ್ಲ ಅಂತ ಅವಳಿಗೆ ಖಚಿತವಾಗಿತ್ತು. ಜಗಳವಿಲ್ಲ, ಮಾತಿಲ್ಲ, ಬರೀ ಗೊರಕೆಯ ನೆಪದಲ್ಲಿ ಒಂದು ಸಂಸಾರ ಕಂಬಿ ಕೀಳುತ್ತಿತ್ತು.

ಇಂಥ ಸ್ಥಿತಿಯಲ್ಲಿರುವಾಗ ಪ್ರೆಸ್ಸಿಗೆ ಆಸ್ಪತ್ರೆಯ ಆರ್ಡರು ಬಂತು. ಕೀಲು ವಿಭಾಗದ ಫಾರಂ ಮುಗಿದಿದೆ, ಐದು ಸಾವಿರ ಬೇಕು. ಪ್ರತಿ ವರ್ಷ ಹಳೆಯ ಫೈಲನ್ನೇ ಮಷೀನಿಗೆ ಹಾಕಿ ತೆಗೆಯುತ್ತಿದ್ದರು, ಅವಳ ಮೇಜಿಗೆ ಬರುತ್ತಿರಲಿಲ್ಲ. ಈ ಸಲ ಆಸ್ಪತ್ರೆಯ ಫೋನ್ ನಂಬರು ಬದಲಾಗಿತ್ತು. ಹಾಗಾಗಿ ಪ್ರೂಫ್ ಬಂತು, ಗೊಂಬೆಯ ಸಮೇತ, ಡಬ್ಬಿಯ ಸಮೇತ.

ಅದನ್ನು ನೋಡಿದ್ದೇ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಇದನ್ನ ಹೀಗೆ ಮಾಡಿಕೊಡಿ ಅಂದ ಪುಣ್ಯಾತ್ಮ ಯಾರು ಅಂತ ನೋಡೇಬಿಡ್ತೀನಿ," ಅಂತ ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ಹಳೆಯ ಕೆಲಸಗಳ ಲಕೋಟೆಗಳು ವರ್ಷವಾರು ಕಟ್ಟಿ ಇಟ್ಟಿದ್ದವು. ಗಿರಾಕಿ ಕೊಟ್ಟ ಮೂಲ ಪ್ರತಿ, ಮೊದಲ ಪ್ರೂಫ್, ಒಪ್ಪಿಗೆ ಸಹಿಯಾದ ಪ್ರೂಫ್ ಎಲ್ಲವೂ ಒಂದೇ ಲಕೋಟೆಯಲ್ಲಿ. ನಾಳೆ ಗಿರಾಕಿ ಜಗಳಕ್ಕೆ ಬಂದರೆ ಮುಖಕ್ಕೆ ಹಿಡಿಯಲಿಕ್ಕೆ ಅಂತ ಆ ಪದ್ಧತಿ ಮಾಡಿದ್ದು ಅವಳೇ. ಆರು ವರ್ಷದ ಹಿಂದಿನ ಕಟ್ಟು ಬಿಚ್ಚಿದಳು. ಧೂಳಿಗೆ ಕಣ್ಣು ಚುಚ್ಚಿತು. ಡ್ರಾಪ್ಸ್ ಹಾಕಿಕೊಂಡು, ಎರಡು ನಿಮಿಷ ಕಣ್ಣು ಮುಚ್ಚಿ, ಆಮೇಲೆ ನೋಡಿದಳು.

ಆಸ್ಪತ್ರೆಯವರು ಕೊಟ್ಟ ಮೂಲದಲ್ಲಿ ಗೊಂಬೆ ಇಡಿಯಾಗಿ ನಿಂತಿತ್ತು. ನಡುವಿನ ಭಾಗದಲ್ಲಿ ಚುಕ್ಕಿಯೂ ಇಲ್ಲ, ಪ್ರಶ್ನೆಯೂ ಇಲ್ಲ, ಆದರೆ ಡಬ್ಬಿಯೂ ಇರಲಿಲ್ಲ. ಡಬ್ಬಿ ಕೆಳಗೆ ಬೇರೆಯಾಗಿತ್ತು, ಅದರಿಂದಾಗಿ ಫಾರಂ ಎರಡನೇ ಪುಟಕ್ಕೆ ನಾಲ್ಕು ಬೆರಳು ಹರಿದಿತ್ತು. ಮೊದಲ ಪ್ರೂಫಿನಲ್ಲಿ ಗೊಂಬೆಯ ಸೊಂಟದ ಸುತ್ತ ಕೆಂಪು ಪೆನ್ನಿನ ಒಂದು ದುಂಡು ಗೆರೆ. ಅದರಿಂದ ಹೊರಟ ಒಂದು ಬಾಣ. ಬಾಣದ ತುದಿಯಲ್ಲಿ ಮುದ್ದಾದ ಅಕ್ಷರದಲ್ಲಿ ಒಂದು ಟಿಪ್ಪಣಿ.

'ಇಲ್ಲಿ ಏನೂ ಇಲ್ಲ, ಖಾಲಿ ಜಾಗ. ಡಬ್ಬಿಯನ್ನು ಇಲ್ಲಿಗೆ ತಂದರೆ ಒಂದೇ ಪುಟದಲ್ಲಿ ಮುಗಿಯುತ್ತದೆ.'

ಅಕ್ಷರ ಅವಳದು. ಪೆನ್ನು ಅವಳದು. ಕೆಳಗೆ ಅವಳ ಚಿಕ್ಕ ರುಜು. ಅದರ ಕೆಳಗೆ 'ಸರಿ' ಅಂತ ಡಾಕ್ಟರಮ್ಮನ ಸಹಿ.

ಅವಳು ಆ ಧೂಳಿನಲ್ಲೇ ಒಂದು ಕಾಗದದ ಬಂಡಲಿನ ಮೇಲೆ ಕೂತುಬಿಟ್ಟಳು. ಆಗ ಅವಳಿಗೆ ಕಾಯಿಲೆಯಿರಲಿಲ್ಲ. ಯಜಮಾನರು 'ಅರ್ಧ ಹಾಳೆ ಉಳಿಸಿದ್ರಲ್ಲ ಮೇಡಂ, ನಿಮ್ಮ ತಲೆಯೇ ತಲೆ' ಅಂತ ಹೊಗಳಿದ್ದು ನೆನಪಾಯಿತು. ಇಲ್ಲಿ ಏನೂ ಇಲ್ಲವಂತೆ, ಖಾಲಿ ಜಾಗವಂತೆ. ಹದಿನಾರು ಸಲ ಬೆಂಚಿನ ಮೇಲೆ ಕೂತು ಯಾರಿಗೆ ಹಿಡಿಶಾಪ ಹಾಕಿದ್ದಳೋ ಆ ಮಹಾನುಭಾವ ಅವಳೇ ಆಗಿದ್ದಳು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಆಮೇಲೆ ಎದ್ದಳು. ಡಬ್ಬಿಯನ್ನು ಕಿತ್ತು ಕೆಳಗಿನ ಅಂಚಿಗೆ ಸೇರಿಸಿದಳು. ವಿಳಾಸದ ಅಕ್ಷರ ಒಂದು ಅಳತೆ ಚಿಕ್ಕದು ಮಾಡಿದರೆ ಒಂದೇ ಪುಟಕ್ಕೆ ಸರಿಹೋಗುತ್ತಿತ್ತು, ಆಗಲೇ ಹೊಳೆಯಬೇಕಾಗಿತ್ತು. ಗೊಂಬೆಗೆ ಸೊಂಟ ಬಂತು. ಅಲ್ಲೊಂದು ದುಂಡು ಗುರುತು ಹಾಕಿ ಪಕ್ಕದಲ್ಲಿ ಒಂದು ಸಾಲು ಸೇರಿಸಿದಳು: 'ಇಲ್ಲಿ ಒಣಗುವಿಕೆ, ಉರಿ, ಬಿಗಿತ, ಮೂತ್ರದ ತೊಂದರೆ ಅಥವಾ ಲೈಂಗಿಕ ಸಂಪರ್ಕದಲ್ಲಿ ನೋವು ಇದೆಯೇ? ಎಂದಿನಿಂದ?'

ಯಜಮಾನರು ಹಾಳೆ ನೋಡಿ ಗಾಬರಿಯಾದರು. "ಏನ್ ಮೇಡಂ ಇದು! ಫೋನ್ ನಂಬರ್ ಬದಲಾಯ್ಸಿ ಅಂದ್ರೆ..."

"ಸಹಿ ಮಾಡಿಸ್ಕೊಂಡು ಬರೋ ಜವಾಬ್ದಾರಿ ನಂದು."

"ಅವರು ಒಪ್ಪದಿದ್ರೆ?"

"ಒಪ್ಪದಿದ್ರೆ ಹಳೇದೇ ಹಾಕಿ. ಆದರೆ ಅದನ್ನ ತಿದ್ದಿದವಳು ನಾನು ಅಂತ ಇನ್ಮೇಲೆ ಯಾರಿಗೂ ಹೇಳಬೇಡಿ."

ಯಜಮಾನರು ಆ ಹಾಳೆಯನ್ನು ಮಡಚಿ, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಲಕೋಟೆಗೆ ಹಾಕಿ ಕೊಟ್ಟರು.

ಮರುದಿನ ಆಸ್ಪತ್ರೆಗೆ ರೋಗಿಯಾಗಿ ಹೋಗಲಿಲ್ಲ, ಪ್ರೆಸ್ಸಿನವಳಾಗಿ ಹೋದಳು. ಅದೇ ಕೋಣೆ, ಅದೇ ಕುರ್ಚಿ. ಆದರೆ ಕೈಯಲ್ಲಿ ಪ್ರೂಫ್ ಇದ್ದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು, ಅದು ಮೊದಲಿನಿಂದ ಹಾಗೆಯೇ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟಳು.

"ಆರು ವರ್ಷದ ಹಿಂದೆ ಒಂದು ತಪ್ಪಾಗಿದೆ ಡಾಕ್ಟ್ರೇ. ನಾನು ಮಾಡಿದ್ದು, ನೀವು ಸಹಿ ಹಾಕಿದ್ದು. ಇದು ತಿದ್ದಿದ ಪ್ರತಿ."

ಡಾಕ್ಟರಮ್ಮ ಕನ್ನಡಕ ಏರಿಸಿ ತಮ್ಮದೇ ಸಹಿಯನ್ನು ನೋಡಿದರು. ಹೊಸ ಸಾಲನ್ನು ಓದಿದರು. ಅವಳ ಮುಖ ನೋಡಿದರು. ನಾಲ್ಕು ವರ್ಷದಲ್ಲಿ ಅವರು ಹಾಳೆ ಬಿಟ್ಟು ಕಣ್ಣು ಮೇಲೆತ್ತಿದ್ದು ಅದೇ ಮೊದಲು.

"ಇದು ನಿಮಗೂ ಇದೆಯಾ?"

"ಎರಡು ವರ್ಷದಿಂದ."

"ಎಂಟು ಸಲ ಬಂದು ಹೋಗಿದ್ದೀರಲ್ರೀ! ಒಂದು ಮಾತು ಹೇಳಬಾರದಾ?"

ಅವಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಎಲ್ಲಿ ಹೇಳಲಿ? ಹೆಂಗಸರ ಡಾಕ್ಟ್ರು ನಿಮ್ಮನ್ನ ಕೇಳಿ ಅಂತಾರೆ. ನೀವು ಕಾಲಿನ ಕಿರುಬೆರಳು ಕೇಳ್ತೀರ, ಇದನ್ನ ಕೇಳಲ್ಲ. ಮತ್ತೇನೂ ಇಲ್ವಲ್ಲ ಅಂತೀರ. ಬರೆಯೋಣ ಅಂದ್ರೆ ಆ ಜಾಗ ಕಚೇರಿಗೆ ಬರ್ಕೊಟ್ಟಿದ್ದೀವಿ, ನಾನೂ ನೀವೂ ಸೇರಿ!"

ಹೊರಗೆ ಯಾರೋ ಕೆಮ್ಮಿದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ನಿಮ್ಮ ಕಾಯಿಲೇಲಿ ಇದು ಅಪರೂಪವೇನಲ್ಲ. ಕಣ್ಣು ಬಾಯಿ ಒಣಗೋ ಹಾಗೆ ಅಲ್ಲೂ ಒಣಗಬಹುದು. ನೋವಿಗೆ ಹೆದರಿ ಸುತ್ತಲಿನ ಸ್ನಾಯು ಗಟ್ಟಿಯಾಗಿಬಿಡುತ್ತೆ. ಪುಸ್ತಕದಲ್ಲಿ ಓದಿದ್ದೀನಿ. ಕೇಳೋದಕ್ಕೆ ಮಾತ್ರ... ಯಾರೂ ಹೇಳಲ್ಲ ಅಂತ ನಾನೂ ಕೇಳಲಿಲ್ಲ," ಅಂದರು. ಒಣಗುವಿಕೆಗೆ ಜೆಲ್ ಬರೆದರು. ಹೆಂಗಸರ ಡಾಕ್ಟರಿಗೆ ಈ ಸಲ ಸ್ವತಃ ಪತ್ರ ಬರೆದರು. ಸೊಂಟದ ತಳದ ಸ್ನಾಯುಗಳನ್ನೇ ನೋಡುವ ಫಿಸಿಯೋಥೆರಪಿಸ್ಟ್ ಒಬ್ಬರು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿದ್ದಾರೆ ಅಂತ ಚೀಟಿ ಕೊಟ್ಟರು. ಅದೇ ಕಟ್ಟಡ, ಮೂರನೇ ಮಹಡಿ! ಎರಡು ವರ್ಷ ಅವಳು ಅವರ ಕಾಲ ಕೆಳಗೇ ಕೂತು ಪೆನ್ಸಿಲ್ ಹಿಡಿದಿದ್ದಳು. ಕೊನೆಗೆ ಡಾಕ್ಟರಮ್ಮ ಹೊಸ ಪ್ರೂಫಿನ ಮೇಲೆ 'ಸರಿ' ಅಂತ ಬರೆದು ಸಹಿ ಹಾಕಿದರು, ಈ ಸಲ ಎರಡು ಸಲ ಓದಿ.

ಫಿಸಿಯೋ ಗಟ್ಟಿ ದನಿಯ ಹೆಂಗಸು. ಪೆಲ್ವಿಕ್ ಫ್ಲೋರ್ ಅಂದರೆ ಏನು ಅಂತ ಮಾದರಿ ತೋರಿಸಿ ವಿವರಿಸಿದರು. ಮೂತ್ರಕೋಶ, ಗರ್ಭಕೋಶ, ಕರುಳು ಎಲ್ಲವನ್ನೂ ಕೆಳಗಿನಿಂದ ಹೊತ್ತುಕೊಂಡಿರುವ ಸ್ನಾಯುಗಳ ಜೋಲಿ. ಕೇಳಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿದರು. ಆಮೇಲೆ, "ಇದು ಸಡಿಲವಾಗೋದನ್ನೇ ಮರೆತಿದೆಯಲ್ಲ. ಏನಾದ್ರೂ ವ್ಯಾಯಾಮ ಮಾಡ್ತಿದ್ರಾ?" ಅಂತ ಕೇಳಿದರು.

ಅವಳು ಹೆಮ್ಮೆಯಿಂದಲೇ ಹೇಳಿದಳು. ಸಾಲಿಗೊಂದು, ಪೂರ್ಣವಿರಾಮದವರೆಗೆ, ಒಂದೂವರೆ ವರ್ಷದಿಂದ.

ಫಿಸಿಯೋ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯೋ ತಾಯಿ! ಸಡಿಲವಾದವರಿಗೆ ಅದು. ನಿಮ್ಮದು ಮೊದಲೇ ಬಿಗಿ. ಬಿಗಿದಿದ್ದನ್ನ ಇನ್ನೂ ಬಿಗಿದ್ರೆ ನೋಯದೆ ಇನ್ನೇನಾಗುತ್ತೆ? ಇವತ್ತಿಂದ ಅದು ಬಂದ್. ಉಸಿರು ಬಿಡೋದು, ಅದನ್ನ ಬಿಡೋದು, ಅಷ್ಟೇ ಕೆಲಸ. ಕೆಲವು ತಿಂಗಳು ಬೇಕು. ಸದ್ಯಕ್ಕೆ ಗಂಡನ ಜೊತೆ ಅದೊಂದು ಬೇಡ, ಉಳಿದದ್ದಕ್ಕೆ ಯಾರ ಅಡ್ಡಿಯೂ ಇಲ್ಲ. ಅವರಿಗೆ ಗೊತ್ತಲ್ವಾ?"

ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಅಕ್ಕನಿಗೆ ಫೋನ್ ಮಾಡಿ ಬಾಯಿ ತುಂಬ ಬೈದಳು. ಅಕ್ಕ, "ನೀನು ಸರಿಯಾಗಿ ಏನು ಅಂತ ಹೇಳಿದ್ರೆ ತಾನೇ," ಅಂದಳು. ಅದೂ ನಿಜವಾಗಿದ್ದರಿಂದ ಅವಳಿಗೆ ಇನ್ನೂ ಸಿಟ್ಟು ಬಂತು.

ತಿಂಗಳು ಮುಗಿಯಲು ಮೂರು ದಿನವಿತ್ತು. ಭಾನುವಾರ ಬೆಳಿಗ್ಗೆ ಗಂಡ ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಕಂಪನಿಯ ಪತ್ರ ಪಕ್ಕದಲ್ಲೇ ಇತ್ತು, ಸಹಿಯ ಜಾಗ ಖಾಲಿಯಿತ್ತು. ಅವಳು ಹೊಸದಾಗಿ ಅಚ್ಚಾದ ಫಾರಂ ಒಂದನ್ನು ತುಂಬಿ ಅವನ ಮುಂದೆ ಇಟ್ಟಳು. ಬಾಯಲ್ಲಿ ಹೇಳಲು ಇವತ್ತಿಗೂ ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ಏನಿದು?"

"ಓದಿ. ಲಿಫ್ಟಿನ ದೂರು ಓದೋ ಹಾಗೆ ಓದಿ."

ಅವನು ಕೈ ಒರೆಸಿಕೊಂಡು ಓದಿದ. ಕಣ್ಣು, ಗೊತ್ತಿದ್ದದ್ದೇ. ಬಾಯಿ, ಗೊತ್ತಿದ್ದದ್ದೇ. ಮಣಿಕಟ್ಟು. ಆಮೇಲೆ ಅವನ ಬೆರಳು ಗೊಂಬೆಯ ನಡುವೆ ನಿಂತಿತು. ಪಕ್ಕದ ಸಾಲನ್ನು ಓದಿದ. 'ಎಂದಿನಿಂದ' ಅನ್ನುವಲ್ಲಿ 'ಎರಡು ವರ್ಷ' ಅಂತ ಇತ್ತು.

ಅವನು ಆ ಸಾಲನ್ನು ಇನ್ನೊಮ್ಮೆ ಓದಿದ. ಮಾತಾಡಿದಾಗ ದನಿ ಒಣಗಿತ್ತು. "ನಾನು ಹಾಲ್‌ಗೆ ಬಂದು ಏಳು ತಿಂಗಳು."

"ಹೌದು."

"ಅದಕ್ಕೆ ಮುಂಚೆ ಹದಿನೇಳು ತಿಂಗಳು... ಅಷ್ಟು ದಿನವೂ ನಿನಗೆ ನೋವಾಗ್ತಿತ್ತಾ? ನಾನು... ಪ್ರತಿ ಸಲವೂ?"

"ಹಲ್ಲು ಕಚ್ಚಿಕೊಂಡಿರ್ತಿದ್ದೆ."

ಅವನು ದಡಕ್ಕನೆ ಎದ್ದ. ಸ್ಪ್ಯಾನರೊಂದು ನೆಲಕ್ಕೆ ಬಿತ್ತು. "ಏನೇ ನೀನು! ನನ್ನನ್ನ ಏನು ಅಂದ್ಕೊಂಡಿದ್ದೀಯ? ಹೆಂಡ್ತಿಗೆ ನೋವಾದ್ರೂ ನನಗೆ ಬೇಕು ಅನ್ನೋ ಮನುಷ್ಯ ಅಂತಾನಾ? ಒಂದೇ ಒಂದು ಸಲ ಹೇಳೋಕಾಗಲಿಲ್ವಾ?"

"ನೀವು ಕೇಳಿದ್ರಾ?" ಅವಳೂ ಎದ್ದಳು. "ಮೈ ಸೆಟೆದುಕೊಂಡಾಗ ಯಾಕೆ ಅಂತ ಕೇಳಿದ್ರಾ? ಗೊರಕೆ ಅಂತ ಒಂದು ಕುಂಟುನೆಪ ಹೇಳಿ ದಿಂಬು ಎತ್ಕೊಂಡು ಹೋದ್ರಿ!"

"ನಾನು ನಿನಗೆ ಬೇಡವಾದೆ ಅಂದ್ಕೊಂಡೆ ಕಣೇ."

"ನಾನು ನಿಮಗೆ ಬೇಡವಾದೆ ಅಂದ್ಕೊಂಡೆ."

ಇಬ್ಬರೂ ಮೇಜಿನ ಎರಡು ಬದಿಗೆ ನಿಂತರು. ಅವನ ಕಣ್ಣು ತುಂಬಿತು. ಅವಳಿಗೂ ಅಳು ಬಂತು, ಮುಖ ಮುದುಡಿತು. ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರಲಿಲ್ಲ. ಹಾಳು ಕಾಯಿಲೆ ಅದನ್ನೂ ಉಳಿಸಿರಲಿಲ್ಲ. ನೋಡಿದವರಿಗೆ ಇವಳು ಕೋಪದಲ್ಲಿದ್ದಾಳೆ ಅಂತಲೇ ಅನ್ನಿಸಬೇಕು.

ಅವನು ಅವಳ ಮುಖವನ್ನೇ ನೋಡಿದ. ಕೋಣೆಗೆ ಹೋಗಿ, ಕಪಾಟಿನ ಮೇಲಿದ್ದ ಡ್ರಾಪ್ಸ್ ಬಾಟಲಿ ತಂದು, ಮುಚ್ಚಳ ತಿರುಗಿಸಿ ಅವಳ ಕೈಗಿಟ್ಟ. "ಹಾಕ್ಕೋ. ಅಳೋವಾಗ ನಿನಗೆ ಉರಿಯುತ್ತೆ."

ಏಳು ತಿಂಗಳು ಹಾ‌ಲ್‌ನಲ್ಲಿ ಮಲಗಿದ ಮನುಷ್ಯನಿಗೆ ಇದು ಮರೆತಿರಲಿಲ್ಲ. ಅವಳು ಡ್ರಾಪ್ಸ್ ಹಾಕಿಕೊಂಡಳು. ಆಗ ಕೆನ್ನೆಯ ಮೇಲೆ ನೀರು ಇಳಿಯಿತು, ಔಷಧಿಯದ್ದಾದರೂ.

ಫಿಸಿಯೋ ಹೇಳಿದ್ದನ್ನೆಲ್ಲ ಹೇಳಿದಳು, ಸಾಲಿಗೊಂದು ಬಿಗಿತದ ಕಥೆಯನ್ನೂ ಹೇಳಿದಳು. ಅವನು ನಗಲು ಹೋಗಿ, ಅವಳ ಮುಖ ನೋಡಿ, ನುಂಗಿಕೊಂಡ. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಫಾರಂ ಕೆಳಗಿನ ಡಬ್ಬಿಗೆ ಬಂದ.

"ಅಲ್ಲಿ ನೀವು ಬರೆಯೋ ಹಾಗಿಲ್ಲ. ಅದು ಕಚೇರಿ ಉಪಯೋಗಕ್ಕೆ ಮಾತ್ರ."

"ಇಷ್ಟು ವರ್ಷ ಕಚೇರಿಯವರು ಅದರಲ್ಲಿ ಏನು ಬರೆದಿದ್ದಾರೆ?"

ಅವಳು ತನ್ನ ಹದಿನಾರು ಫಾರಂಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಪ್ರೂಫ್ ನೋಡುವವಳ ಕಣ್ಣು ಅದು, ತಪ್ಪುವುದಿಲ್ಲ. "ಏನೂ ಇಲ್ಲ," ಅಂದಳು. "ಯಾರೂ ಯಾವತ್ತೂ ಒಂದಕ್ಷರ ಬರೆದಿಲ್ಲ."

ಅವನು ಗೋಡೆಗೆ ನೇತುಹಾಕಿದ ದೂರಿನ ಪುಸ್ತಕದಲ್ಲಿ ಬರೆಯುವ ಹಾಗೆ, ಒತ್ತಿ ಒತ್ತಿ ಬರೆದ: 'ದೂರು ತಲುಪಿದೆ. ಮೆಕ್ಯಾನಿಕ್ ಊರು ಬಿಡುವುದಿಲ್ಲ.' ಕೆಳಗೆ ತಾರೀಖು, ಸಹಿ. ಕಂಪನಿಯ ಪತ್ರವನ್ನು ಮಡಚಿ ಸ್ಪ್ಯಾನರಿನ ಗ್ರೀಸ್ ಒರೆಸಿದ.

ಅವಳು ಅಭ್ಯಾಸದಂತೆ ಅದನ್ನು ಎರಡು ಸಲ ಓದಿದಳು. ತಿದ್ದುವಂಥದ್ದು ಏನೂ ಸಿಗಲಿಲ್ಲ.

"ಹೋಗಿ, ದಿಂಬು ತಗೊಂಡು ಬನ್ನಿ," ಅಂದಳು. "ಗೊರಕೆ ಹೊಡೆದ್ರೆ ಅದಕ್ಕೂ ಒಂದು ಫಾರಂ ಅಚ್ಚು ಹಾಕಿಸ್ತೀನಿ."